ಕತ್ತಿ ಹಿಡಿಯುವುದು ಪುಣ್ಯವಾದದ್ದು ಯಾವಾಗ?

ಕೇಳುಗರೆ, ನಮಸ್ಕಾರ.

1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ, ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಯುದ್ಧ ಗೆದ್ದರು. ಗೆದ್ದ ಸೈನಿಕರಿಗೆ ಅವರದೇ ಬಿಷಪ್ಪರು ಆಮೇಲೆ ಶಿಕ್ಷೆ ವಿಧಿಸಿದರು. ಕೊಂದ ಒಬ್ಬೊಬ್ಬನಿಗೂ ಒಂದೊಂದು ವರ್ಷ ಪ್ರಾಯಶ್ಚಿತ್ತ. ಎಷ್ಟು ಜನರನ್ನು ಕೊಂದೆ ಎಂದು ಲೆಕ್ಕ ಗೊತ್ತಿಲ್ಲದವನಿಗೆ ವಾರಕ್ಕೊಂದು ದಿನ, ಬದುಕಿರುವ ತನಕ. ಅಂದರೆ ಯುದ್ಧದಲ್ಲಿ ಕೊಂದರೂ ಪಾಪ ಪಾಪವೇ.

ಇದಾಗಿ ಮೂವತ್ತು ವರ್ಷ ತುಂಬುವ ಮೊದಲೇ, 1095ರ ನವೆಂಬರ್‌ನಲ್ಲಿ, ಪೋಪ್ ಎರಡನೇ ಅರ್ಬನ್ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಬೇರೆಯೇ ಮಾತು ಹೇಳಿದ. ಹಣಕ್ಕೂ ಹೆಸರಿಗೂ ಅಲ್ಲದೆ, ಬರೀ ಭಕ್ತಿಯಿಂದ ಮುಸ್ಲಿಮರ ಕೈಯಿಂದ ಜೆರುಸಲೇಮ್ ಬಿಡಿಸಲು ಹೊರಟವನಿಗೆ ಆ ಪಯಣವೇ ಪ್ರಾಯಶ್ಚಿತ್ತ. ಮುಂದೆ ಕ್ರುಸೇಡ್ ಎಂದು ಹೆಸರಾದ ಧರ್ಮಯುದ್ಧಗಳು ಶುರುವಾದದ್ದು ಹೀಗೆ. ಪಾಪವಾಗಿದ್ದದ್ದು ಪುಣ್ಯದ ದಾರಿಯಾಯಿತು. ಇಷ್ಟು ಬೇಗ ಹೇಗಾಯಿತು?

ಅರ್ಬನ್‌ನ ಸ್ಥಿತಿ ನೋಡಿ. ಬಿಷಪ್ಪರನ್ನು ನೇಮಿಸುವವರು ಯಾರು, ಪೋಪೋ ರಾಜನೋ? ಈ ಜಗಳ ಇಪ್ಪತ್ತು ವರ್ಷದಿಂದ ನಡೆದಿತ್ತು. 1077ರ ಚಳಿಗಾಲದಲ್ಲಿ ಜರ್ಮನಿಯ ದೊರೆ ನಾಲ್ಕನೇ ಹೆನ್ರಿ ಕನೋಸ್ಸಾ ಕೋಟೆಯ ಹೊರಗೆ ಮೂರು ದಿನ ಕಾದು ಪೋಪನ ಕ್ಷಮೆ ಕೇಳಿದ್ದ. 1084ರಲ್ಲಿ ಅದೇ ಹೆನ್ರಿ ರೋಮಿಗೆ ನುಗ್ಗಿ ತನ್ನದೇ ಪೋಪನನ್ನು ಕೂರಿಸಿದ. ಹೀಗಾಗಿ ಅರ್ಬನ್ ಪೋಪ್ ಆದಾಗ ಎದುರಿಗೆ ಇನ್ನೊಬ್ಬ ಪೋಪ್ ಇದ್ದ. ರೋಮ್ ನಗರವೂ ಅರ್ಬನ್‌ನ ಕೈಯಲ್ಲಿ ಗಟ್ಟಿಯಾಗಿ ನಿಂತಿರಲಿಲ್ಲ. ಅಂಥವನು ಚಕ್ರವರ್ತಿ ಹೆನ್ರಿಯನ್ನು ಕೇಳದೆ ಯೂರೋಪಿನ ಸೈನಿಕರನ್ನು ಒಂದು ಕೂಗಿಗೆ ಹೊರಡಿಸಿದರೆ, ಕ್ರೈಸ್ತರ ಮುಂದಾಳು ಯಾರೆಂಬುದು ಬೇರೆ ಹೇಳಬೇಕಾಗಿರಲಿಲ್ಲ.

ನೆಪವೂ ಸಿಕ್ಕಿತ್ತು. 1071ರಲ್ಲಿ ಮಂಜಿಕರ್ಟ್ ಎಂಬಲ್ಲಿ ಮುಸ್ಲಿಮರಾದ ಸೆಲ್ಜುಕ್ ತುರ್ಕರು, ಪೂರ್ವದ ಕ್ರೈಸ್ತ ಸಾಮ್ರಾಜ್ಯ ಬೈಜಾಂಟಿಯಮ್ಮಿನ ಚಕ್ರವರ್ತಿಯನ್ನೇ ಸೆರೆಹಿಡಿದಿದ್ದರು. ಮುಂದೆ ಪಟ್ಟಕ್ಕೆ ಬಂದ ಅಲೆಕ್ಸಿಯೊಸ್, ಪಶ್ಚಿಮದಿಂದ ಸೈನಿಕರ ನೆರವು ಬೇಡಿದ. ಬಂದದ್ದು ಅವನು ಎಣಿಸಿರದಷ್ಟು ದೊಡ್ಡ ದಂಡು.

ಹಾಗಂತ ಇದೆಲ್ಲ ಸುಮ್ನೆ ರಾಜಕೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಜಮೀನು ಒತ್ತೆ ಇಟ್ಟು ಹೊರಟವರಿದ್ದರು. ತಮ್ಮ ಪಾಪದ ಭಯ ಅವರಿಗೆ ನಿಜವಾಗಿಯೂ ಇತ್ತು. ಆದರೆ ಅದೇ ಭಕ್ತಿ 1096ರಲ್ಲಿ ವೋರ್ಮ್ಸ್, ಮೈನ್ಸ್ ಊರುಗಳಲ್ಲಿ ಏನೂ ತಪ್ಪು ಮಾಡದ ಯಹೂದಿಗಳನ್ನು ಕೊಂದಿತು. 1099ರ ಜುಲೈನಲ್ಲಿ ಜೆರುಸಲೇಮ್ ಬಿದ್ದಾಗ ಅಲ್ಲಿಯ ಮುಸ್ಲಿಮರನ್ನೂ ಯಹೂದಿಗಳನ್ನೂ ಕೊಂದಿತು.

ಎದುರಿನವರು ಯಾಕೆ ತಡೆಯಲಿಲ್ಲ? ಅಲ್ಲೂ ಮನೆಜಗಳವೇ. 1092ರಲ್ಲಿ ಸೆಲ್ಜುಕ್ ಸುಲ್ತಾನ ಮಲಿಕ್ ಷಾ ತೀರಿಕೊಂಡ. ರಾಜ್ಯ ಒಡೆಯಿತು. ಅಲೆಪ್ಪೊದಲ್ಲಿ ಅಣ್ಣ, ದಮಾಸ್ಕಸ್‌ನಲ್ಲಿ ತಮ್ಮ, ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗಾಗದು. ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ವಂಶದವರು ಷಿಯಾ, ತುರ್ಕರು ಸುನ್ನಿ. ಯೂರೋಪಿನ ದಂಡು ಸಿರಿಯಾದೊಳಗೆ ಬಂದಿದ್ದಾಗಲೇ, 1098ರಲ್ಲಿ, ಫಾತಿಮಿಗಳು ಜೆರುಸಲೇಮನ್ನು ಕಿತ್ತುಕೊಂಡದ್ದು ತುರ್ಕರಿಂದ! ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತೇವಲ್ಲ, ಹಾಗೇ ಆಯಿತು.

1105ರಲ್ಲಿ ದಮಾಸ್ಕಸ್‌ನ ವಿದ್ವಾಂಸ ಅಲ್-ಸುಲಮಿ ಇದನ್ನೇ ಹೇಳಿದ. ನಮ್ಮ ಒಡಕೇ ಅವರ ಬಲ, ಮೊದಲು ಮನಸ್ಸು ಶುದ್ಧ ಮಾಡಿಕೊಳ್ಳಿ, ಆಮೇಲೆ ಜಿಹಾದ್ ಎಂದ. ಕೇಳಿದವರು ಜಾಸ್ತಿ ಇರಲಿಲ್ಲ. ಆ ಮಾತಿಗೆ ಬಲ ಬಂದದ್ದು ಅದು ದೊರೆಗಳಿಗೆ ಬೇಕಾದಾಗ. ಅಲೆಪ್ಪೊದ ನೂರುದ್ದೀನ್ 1168ರ ಸುಮಾರಿಗೆ ಒಂದು ಪ್ರವಚನ ಪೀಠ ಮಾಡಿಸಿದ. ಮರದ ಚೂರುಗಳನ್ನು ಒಂದಕ್ಕೊಂದು ಕೂಡಿಸಿ, ದಂತ ಕೂರಿಸಿ ಮಾಡಿದ ಕೆಲಸ. ಅದು ಜೆರುಸಲೇಮಿನ ಅಲ್-ಅಕ್ಸಾ ಮಸೀದಿಗೆ. ಊರಿನ್ನೂ ಕ್ರೈಸ್ತರ ಕೈಯಲ್ಲಿತ್ತು, ಪೀಠ ಮಾತ್ರ ತಯಾರಾಯಿತು! 1187ರಲ್ಲಿ ಜೆರುಸಲೇಮ್ ಗೆದ್ದು ಅದನ್ನು ಅಲ್ಲಿಗೆ ತಂದು ಇಡಿಸಿದವನು ಈಜಿಪ್ಟಿನ ಸುಲ್ತಾನ ಸಲಾದಿನ್. ಆದರೆ ಅದಕ್ಕೆ ಮೊದಲು ಅವನು ಫಾತಿಮಿಗಳ ಆಳ್ವಿಕೆ ಮುಗಿಸಿದ್ದ. ನೂರುದ್ದೀನನ ವಂಶದವರಿಂದ ಅಲೆಪ್ಪೊ ಕಸಿದುಕೊಂಡಿದ್ದ. ಮುಸ್ಲಿಮರ ಮೇಲೆ ಅವನು ಮಾಡಿದ ಯುದ್ಧಗಳೂ ಕಡಿಮೆಯಲ್ಲ. ಅವಕ್ಕೂ ಜಿಹಾದ್‌ಗೆ ಬೇಕಾದ ಒಗ್ಗಟ್ಟಿನ ಹೆಸರೇ ಇತ್ತು.

ಇನ್ನೊಂದು ಪ್ರಸಂಗ ಹೇಳಲೇಬೇಕು. 1229ರಲ್ಲಿ ಸಲಾದಿನ್‌ನ ತಮ್ಮನ ಮಗ, ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್, ಜರ್ಮನಿಯ ಚಕ್ರವರ್ತಿ ಎರಡನೇ ಫ್ರೆಡರಿಕ್ ಜೊತೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡ. ಜೆರುಸಲೇಮ್ ಕ್ರೈಸ್ತರಿಗೆ, ಅಲ್-ಅಕ್ಸಾ ಇರುವ ಜಾಗ ಮುಸ್ಲಿಮರಿಗೆ. ಯುದ್ಧವೇ ಆಗಲಿಲ್ಲ. ಸುಲ್ತಾನನಿಗೆ ತನ್ನ ಬಂಧುಗಳದೇ ಕಾಟ. ಫ್ರೆಡರಿಕ್‌ನನ್ನು ಪೋಪ್ ಆಗಲೇ ಧರ್ಮದಿಂದ ಹೊರಗೆ ಹಾಕಿದ್ದ. ಹಾಗಾಗಿ ರಾಜಿ ಇಬ್ಬರಿಗೂ ಬೇಕಿತ್ತು. ಆದರೆ ದಮಾಸ್ಕಸ್‌ನ ಮಸೀದಿಯಲ್ಲಿ ಸುಲ್ತಾನನನ್ನು ಹಳಿದು ಪ್ರವಚನ ಮಾಡಿಸಿದರು. ಇತ್ತ ಜೆರುಸಲೇಮಿನ ಕ್ರೈಸ್ತ ಧರ್ಮಗುರುವೇ ಆ ಪವಿತ್ರ ನಗರದಲ್ಲಿ ಪೂಜೆ ನಡೆಯಬಾರದೆಂದು ಅಪ್ಪಣೆ ಹೊರಡಿಸಿದ. ಕೊಲ್ಲದೆ ಊರು ಪಡೆದವನಿಗೂ ಬೈಗುಳ, ಕೊಲ್ಲಿಸದೆ ಕೊಟ್ಟವನಿಗೂ ಬೈಗುಳ. ಇದನ್ನು ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.