ಫ್ಯಾನ್ ಕಂಡು ಮೂಗು ಮುರಿಯಬೇಡಿ: ಟರ್ಬೊಪ್ರಾಪ್ ವಿಮಾನದ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿಂದ ಶಿವಮೊಗ್ಗದ ವಿಮಾನ ಹತ್ತುವಾಗ ಕೆಲವರ ಮುಖ ನೋಡಬೇಕು. ರೆಕ್ಕೆಯಲ್ಲಿ ಫ್ಯಾನ್ ಕಂಡ ಕೂಡಲೇ "ಅಯ್ಯೋ, ಹಳೇ ವಿಮಾನ ಹಾಕಿದ್ದಾರೆ" ಅಂತ ಗೊಣಗುತ್ತಾರೆ. 2023ರ ಆಗಸ್ಟ್ 31ರಂದು ಅಲ್ಲಿ ಮೊದಲು ಇಳಿದ ಪ್ರಯಾಣಿಕರ ವಿಮಾನವೂ ಇಂಥದ್ದೇ, ಎಟಿಆರ್ ಎಂಬ ಕಂಪನಿಯದು. ಅದು ಹಳೆಯದೇನಲ್ಲ. ಆ ಫ್ಯಾನಿನ, ಅಂದರೆ ಪ್ರೊಪೆಲ್ಲರಿನ, ಹಿಂದೆ ಕೂತಿರುವುದು ಜೆಟ್ ಎಂಜಿನ್ನಿನ ಅಣ್ಣತಮ್ಮ. ಇಂಥ ವಿಮಾನಕ್ಕೇ ಟರ್ಬೊಪ್ರಾಪ್ ಅನ್ನುವುದು.

ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ, ಅಲ್ವಾ? ಸಣ್ಣ ಟರ್ಬೊಪ್ರಾಪ್‌ಗಳಲ್ಲಿ ಇರುವ, ಕೆನಡಾದ ಪ್ರಾಟ್ ಅಂಡ್ ವಿಟ್ನಿಯ ಪಿಟಿ6 ಎಂಜಿನ್ ಕೆಲಸ ಮಾಡುವುದು ಹೀಗೇ. ಒಳಗೆ ಇಂಧನ ಉರಿಸಿ ಬಿಸಿ ಗಾಳಿ ಹುಟ್ಟಿಸುವ ಭಾಗ ನಿಮಿಷಕ್ಕೆ ಮೂವತ್ತು ಸಾವಿರಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಆ ಗಾಳಿ ಬಡಿದು ಇನ್ನೊಂದು ಚಕ್ರ ತಿರುಗುತ್ತದೆ. ಅದರ ವೇಗವನ್ನು ಗೇರ್ ಹಾಕಿ ಎರಡು ಸಾವಿರದ ಆಸುಪಾಸಿಗೆ ಇಳಿಸಿ ಪ್ರೊಪೆಲ್ಲರಿಗೆ ಕೊಡುತ್ತಾರೆ. ಎರಡು ಚಕ್ರಕ್ಕೂ ನಡುವೆ ಗಾಳಿ ಬಿಟ್ಟರೆ ಬೇರೆ ನಂಟಿಲ್ಲ. ಇದರಲ್ಲಿ ಗಾಳಿ ಹಿಂದಿನಿಂದ ಒಳಬಂದು ಹೊಗೆ ಮುಂದಿನಿಂದ ಹೊರಹೋಗುತ್ತದೆ. ಮೂತಿಯ ಪಕ್ಕ ಕಾಣುವ ಸೊಟ್ಟ ಕೊಳವೆಗಳು ಅದೇ. 1961ರಲ್ಲಿ ಮೊದಲು ಹಾರಿದ ಈ ಎಂಜಿನ್ ಇಂದಿಗೂ ತಯಾರಾಗುತ್ತಿದೆ.

ಸರಿ, ಜೆಟ್ಟೇ ಇರುವಾಗ ಫ್ಯಾನ್ ಯಾಕೆ? ದೋಣಿ ನಡೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಗಲವಾದ ಹುಟ್ಟಿನಿಂದ ನಿಧಾನಕ್ಕೆ ಎಳೆದರೆ ದೋಣಿ ಸಲೀಸಾಗಿ ಹೋಗುತ್ತದೆ. ಸಣ್ಣ ಕೋಲು ಹಿಡಿದು ಜೋರಾಗಿ ಬಡಿದರೆ ನೀರು ಚಿಮ್ಮುತ್ತದೆ, ತೋಳು ಸೋಲುತ್ತದೆ. ಪ್ರೊಪೆಲ್ಲರ್ ತುಂಬಾ ಗಾಳಿಯನ್ನು ಸ್ವಲ್ಪವೇ ತಳ್ಳುತ್ತದೆ. ಜೆಟ್ ಕಡಿಮೆ ಗಾಳಿಯನ್ನು ಜೋರಾಗಿ ತಳ್ಳುತ್ತದೆ. ಗಂಟೆಗೆ 500 ಕಿಲೋಮೀಟರ್ ಸುತ್ತಮುತ್ತಲ ವೇಗದಲ್ಲಿ ಗೆಲ್ಲುವುದು ಅಗಲವಾದ ಹುಟ್ಟು. 800 ದಾಟಿದರೆ ಆಟ ಬೇರೆ, ಅಲ್ಲಿ ಜೆಟ್ಟೇ ರಾಜ.

ಆದರೆ ಶಿವಮೊಗ್ಗಕ್ಕೆ 800 ಯಾಕೆ ಬೇಕು? ಜೆಟ್ ತನ್ನ ಎತ್ತರಕ್ಕೆ ಏರಿ ಉಸಿರು ಬಿಡುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಜೆಟ್ಟಿನಿಂದ ಉಳಿತಾಯ ಆಗುವುದು ನಾಲ್ಕಾರು ನಿಮಿಷ. ಅಲ್ಲಿನ ರನ್‌ವೇ 3 ಕಿಲೋಮೀಟರಿಗೂ ಉದ್ದ, ಏರ್‌ಬಸ್ಸನ್ನೇ ಇಳಿಸಬಹುದು. ಆದರೂ ದಾರಿ ತೆರೆದದ್ದು ಎಟಿಆರ್. ರನ್‌ವೇ ಉದ್ದ ಮಾಡಿದ ಮಾತ್ರಕ್ಕೆ 180 ಸೀಟು ತುಂಬುವುದಿಲ್ಲ ನೋಡಿ.

ಇದರಲ್ಲಿ ಸರ್ಕಾರದ ಕೈಯೂ ಇದೆ. ವಿಮಾನದ ತೂಕ 40 ಟನ್ನಿಗಿಂತ ಕಡಿಮೆ ಇದ್ದರೆ, ವೇಳಾಪಟ್ಟಿ ಹಾಕಿ ಹಾರಿಸುವ ಕಂಪನಿಗೆ ಇಂಧನದ ಮಾರಾಟ ತೆರಿಗೆ ಹಗುರ. ಎಟಿಆರ್ 72 ಎಂಬ ಮಾದರಿ ಪೂರ್ತಿ ತುಂಬಿಕೊಂಡು ಹಾರುವಾಗ ತೂಗುವುದು 23 ಟನ್. ಇನ್ನು 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಇಳಿಯುವ ಶುಲ್ಕದಿಂದಲೇ ವಿನಾಯಿತಿ. ಇಂಡಿಗೋದ ಎಟಿಆರ್‌ನಲ್ಲಿ ಸೀಟೆಷ್ಟು ಗೊತ್ತಾ? 78.

ಇನ್ನು ಸ್ವಂತಕ್ಕೆ ವಿಮಾನ ಇಟ್ಟುಕೊಳ್ಳುವವರ ಮಾತು. ನಮ್ಮಲ್ಲಿ ಯಾರಿಗೂ ಈಗಲೇ ಬೇಕಿಲ್ಲ, ಕೇಳಿಸಿಕೊಳ್ಳಲು ಖರ್ಚಿಲ್ಲ! ಸ್ವಿಟ್ಜರ್‌ಲೆಂಡಿನ ಪಿಲಾಟಸ್ ಪಿಸಿ-12 ನನಗೆ ತುಂಬಾ ಇಷ್ಟ. ಒಂದೇ ಎಂಜಿನ್, ಅದೇ ಪಿಟಿ6. 30,000 ಅಡಿ ಎತ್ತರಕ್ಕೆ ಹೋಗುತ್ತದೆ. ಹುಲ್ಲು, ಜಲ್ಲಿ, ಮಣ್ಣಿನ ಮೇಲೆ ಇಳಿಯುತ್ತದೆ. ಇಳಿದ ಮೇಲೆ ಪ್ರೊಪೆಲ್ಲರಿನ ಅಲಗುಗಳ ಕೋನವನ್ನೇ ಉಲ್ಟಾ ತಿರುಗಿಸಿದರೆ ಅದೇ ಬ್ರೇಕು. ಹಿಂಭಾಗದಲ್ಲಿ ದೊಡ್ಡ ಬಾಗಿಲಿದೆ, ಸ್ಟ್ರೆಚರ್ ನೇರ ಒಳಗೆ ಹೋಗುತ್ತದೆ. ಆಸ್ಟ್ರೇಲಿಯಾದ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ದೂರದ ಜಾನುವಾರು ಹೊಲಗಳಿಂದ ರೋಗಿಗಳನ್ನು ಇದರಲ್ಲೂ ಕರೆತರುತ್ತದೆ. ಅಲ್ಲಿ ಡಾಂಬರು ರನ್‌ವೇ ಎಲ್ಲಿಂದ ಬರಬೇಕು?

ಒಂದೇ ಎಂಜಿನ್, ಕೆಟ್ಟರೆ? ಎಲ್ಲರೂ ಇದನ್ನೇ ಕೇಳುತ್ತಾರೆ. ಕೆಡಬಹುದು. ಆದರೆ ಪಿಸ್ಟನ್ ಎಂಜಿನ್ನಿನ ಹಾಗೆ ಇದರಲ್ಲಿ ಮೇಲೆ ಕೆಳಗೆ ಬಡಿದಾಡುವ ಭಾಗಗಳಿಲ್ಲ, ಎಲ್ಲವೂ ಸುತ್ತುವಂಥವು. ಹಾಗಾಗಿ ಸವಕಳಿ ಕಮ್ಮಿ. ಪಿಸ್ಟನ್ ಎಂಜಿನ್ನನ್ನು ಸಾಮಾನ್ಯವಾಗಿ 2,000 ಗಂಟೆ ಆಸುಪಾಸಿನಲ್ಲಿ ಬಿಚ್ಚಿ ಕಟ್ಟಬೇಕು. ಪಿಟಿ6 ಎಷ್ಟೋ ಮಾದರಿಗಳಲ್ಲಿ 3,500 ಗಂಟೆ ದಾಟುತ್ತದೆ. ಎಂಜಿನ್ ನಿಂತೇ ಹೋಯಿತು ಅನ್ನಿ, ಪೂರ್ತಿ ಎತ್ತರದಿಂದ ಪಿಸಿ-12 ನೂರು ಕಿಲೋಮೀಟರಿಗೂ ಜಾಸ್ತಿ ತೇಲಿಕೊಂಡು ಬರುತ್ತದೆ.

ಇಂಧನದ ಕಥೆಯೂ ಇದೆ. ಸಣ್ಣ ಪಿಸ್ಟನ್ ವಿಮಾನಕ್ಕೆ ಬೇಕಾದ ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ಟರ್ಬೊಪ್ರಾಪ್ ಕುಡಿಯುವುದು ದೊಡ್ಡ ಜೆಟ್ ಕುಡಿಯುವುದನ್ನೇ. ದೊಡ್ಡ ವಿಮಾನ ಬರುವ ಊರಲ್ಲಿ ಇದಕ್ಕೂ ಊಟ ಸಿಕ್ಕಿತು ಅಂತಲೇ ಲೆಕ್ಕ.

ಹಾಗಂತ ಅಗ್ಗ ಅಂದುಕೊಳ್ಳಬೇಡಿ. ಹೊಸ ಪಿಸಿ-12ಕ್ಕೆ ಹತ್ತಾರು ಕೋಟಿ ಬೇಕು. ಹವಾಮಾನ ಕೆಟ್ಟಾಗ ಜೆಟ್ ಮೋಡದ ಮೇಲೆ ಹಾಯಾಗಿ ಹೋಗುತ್ತದೆ, ನೀವು ಕೆಳಗೆ ಕುಲುಕಾಡುತ್ತೀರಿ. ಎಲ್ಲಕ್ಕಿಂತ ಭಯ ಸ್ಟಾರ್ಟ್ ಮಾಡುವಾಗ. ಬ್ಯಾಟರಿ ಸೊರಗಿದ್ದು, ಎಂಜಿನ್ ಸಾಕಷ್ಟು ತಿರುಗುವ ಮೊದಲೇ ಇಂಧನ ಬಿಟ್ಟಿರೋ, ತಂಪು ಮಾಡುವ ಗಾಳಿ ಸಾಲದೆ ಒಳಗಿನ ಅಲಗುಗಳು ಸೆಕೆಂಡುಗಳಲ್ಲಿ ಸುಟ್ಟುಹೋಗುತ್ತವೆ. ಆಮೇಲೆ ಬರುವ ಬಿಲ್ಲಿನಲ್ಲಿ ಒಂದು ಮನೆ ಕಟ್ಟಬಹುದು. ಅದಕ್ಕೇ ಪೈಲಟ್ಟುಗಳು ಸ್ಟಾರ್ಟ್ ಮಾಡುವಾಗ ತಾಪಮಾನದ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ.

ಬೆಂಗಳೂರಿಗೂ ಈ ಕುಟುಂಬಕ್ಕೂ ಹಳೆಯ ನಂಟು. ಇಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಸರಸ್ ವಿಮಾನ 2004ರಲ್ಲಿ ಹಾರಿತು. 2009ರಲ್ಲಿ ಬಿಡದಿ ಹತ್ತಿರ ಬಿದ್ದು ಮೂವರು ತೀರಿಕೊಂಡರು. 2018ರಲ್ಲಿ ಮತ್ತೆ ಹಾರಿತು. ಎಚ್‌ಎಎಲ್‌ನ ಎಚ್‌ಟಿಟಿ-40 ತರಬೇತಿ ವಿಮಾನದಲ್ಲಿ ಇರುವುದು ಟಿಪಿಇ331 ಎಂಬ ಇನ್ನೊಂದು ಜಾತಿಯ ಎಂಜಿನ್. ಅದರಲ್ಲಿ ಎದುರುಬದುರು ಫ್ಯಾನಿನ ಕಥೆ ಇಲ್ಲ, ಇಡೀ ಎಂಜಿನ್ನಿಗೆ ಒಂದೇ ದಂಡ. ಅದಕ್ಕೇ ನಿಂತಲ್ಲೇ ಕಿವಿ ಸೀಳುವ ಹಾಗೆ ಕಿರುಚುತ್ತದೆ.

ಇವೆರಡನ್ನು ಗುರುತು ಹಿಡಿಯುವುದು ಸುಲಭ. ಎಂಜಿನ್ ಆರಿಸಿ ನಿಲ್ಲಿಸಿದ ವಿಮಾನದ ಪ್ರೊಪೆಲ್ಲರನ್ನು ಎದುರಿನಿಂದ ನೋಡಿ. ಅಲಗಿನ ಅಂಚು ನಿಮ್ಮ ಕಡೆ ತಿರುಗಿದ್ದರೆ ಸಾಮಾನ್ಯವಾಗಿ ಪಿಟಿ6. ಅಗಲವಾದ ಮುಖವೇ ಕಂಡರೆ ಟಿಪಿಇ. ಈಗ ಪ್ರಶ್ನೆಗಳಿದ್ದರೆ ಕೇಳಿ.