ಎರಡು ಠಾಣೆ, ಎರಡು ಕಡತ, ಒಬ್ಬಳೇ ಹೆಣ್ಣುಮಗಳು

ನಮಸ್ಕಾರ. ಸೈನೈಡ್ ಮೋಹನನ ಹೆಸರು ನಿಮಗೆಲ್ಲ ಗೊತ್ತು. ದಕ್ಷಿಣ ಕನ್ನಡದ ಶಾಲಾ ಮೇಷ್ಟ್ರು, 20 ಹೆಣ್ಣುಮಕ್ಕಳನ್ನು ಕೊಂದವನು. ಅವನ ಕ್ರೌರ್ಯದ ಬಗ್ಗೆ ಬೇಕಾದಷ್ಟು ಮಾತಾಡಿ ಆಗಿದೆ. ನನ್ನನ್ನು ಕಾಡುವುದು ಬೇರೆ. 20 ಸಾವಾಗುವ ತನಕ ಯಾರಿಗೂ ಗೊತ್ತೇ ಆಗಲಿಲ್ಲವಲ್ಲ, ಯಾಕೆ?

ಅವನು ಹುಡುಕುತ್ತಿದ್ದದ್ದು ಬಡವರ ಮನೆಯ, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಹೆಣ್ಣುಮಕ್ಕಳನ್ನು. ಮದುವೆಯಾಗುತ್ತೇನೆ ಎಂದು ದೂರದ ಊರಿಗೆ ಕರೆದೊಯ್ದು, ಲಾಡ್ಜ್‌ನಲ್ಲಿ ಉಳಿದು, ಮರುದಿನ ಒಡವೆ ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದ ಮಾತ್ರೆ ಎಂದು ಸೈನೈಡ್ ಕೊಡುತ್ತಿದ್ದ. ಅವಳು ಶೌಚಾಲಯದ ಚಿಲಕ ಹಾಕಿಕೊಂಡು ಮಾತ್ರೆ ನುಂಗುತ್ತಿದ್ದಳು. ಬಾಗಿಲು ಒಡೆದು ನೋಡಿದರೆ ಹೆಣ. ಒಳಗಿನಿಂದ ಚಿಲಕ, ಹಾಗಾಗಿ ಆತ್ಮಹತ್ಯೆ. ಗುರುತು ಸಿಗಲಿಲ್ಲ, ಹಾಗಾಗಿ ಅಪರಿಚಿತ ಶವ. ಅಸ್ವಾಭಾವಿಕ ಸಾವು ಅಂತ ಒಂದು ಕಡತ. ಮೈಸೂರಿನ ಬಸ್ ನಿಲ್ದಾಣದಲ್ಲಂತೂ ಹೀಗೆ ಮತ್ತೆ ಮತ್ತೆ ಆಯಿತು! ಪ್ರತಿ ಸಲವೂ ಮೈಮೇಲೆ ಒಡವೆಯಿಲ್ಲದ ಹೆಂಗಸು, ಪ್ರತಿ ಸಲವೂ ಶೌಚಾಲಯ.

ಇತ್ತ ಊರಿನಲ್ಲಿ ಅಪ್ಪ ಅಮ್ಮ ಠಾಣೆ ಮೆಟ್ಟಿಲು ಹತ್ತಿದರೆ ಸಿಗುವ ಉತ್ತರ ನಮಗೆ ಗೊತ್ತಿರುವುದೇ. "ಯಾರ ಜೊತೆಗೋ ಹೋಗಿರಬೇಕು, ಬರ್ತಾಳೆ ಬಿಡಿ." ಎಷ್ಟೋ ಮನೆಯವರು ಮರ್ಯಾದೆಗೆ ಅಂಜಿ ಠಾಣೆಗೆ ಹೋಗುವುದೇ ಇಲ್ಲ. ಆ ಅಂಜಿಕೆಯನ್ನೇ ಅವನು ನೆಚ್ಚಿಕೊಂಡಿದ್ದ.

2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಅನ್ಯಧರ್ಮದ ಹುಡುಗನ ಜೊತೆ ಓಡಿಹೋಗಿದ್ದಾಳೆ ಎಂದು ಗುಲ್ಲೆದ್ದು ಪ್ರತಿಭಟನೆ ನಡೆಯಿತು. ಒತ್ತಡ ಬಿದ್ದ ಮೇಲೆ ಪೊಲೀಸರು ಫೋನ್ ಕರೆಗಳ ವಿವರ ಜಾಲಾಡಿದರು. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುತ್ತಾ, ಕಾಣೆಯಾದ ಬೇರೆ ಹೆಣ್ಣುಮಕ್ಕಳ ಸುಳಿವೂ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅವನು ಸಿಕ್ಕಿಬಿದ್ದ. ಅಂದರೆ ತನಿಖೆ ಮಾಡಲು ಬರುತ್ತಿತ್ತು. ಆ ಗುಲ್ಲು ಸುಳ್ಳೇ ಆಗಿತ್ತು; ಆದರೂ ಗುಲ್ಲೆದ್ದ ಒಬ್ಬಳಿಗಾಗಿ ಮಾಡಿದ್ದನ್ನು ಉಳಿದವರಿಗಾಗಿ ಯಾರೂ ಮಾಡಿರಲಿಲ್ಲ. ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ.

2013ರಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕೊನೆಯ ಪ್ರಕರಣದ ತೀರ್ಪು ಬರುವಾಗ 2020. ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಕಾಸರಗೋಡಿನ ಹೆಣ್ಣುಮಗಳದು.

ನಾನು ಕೇಳುವುದು ಇಷ್ಟೇ. ನಾಪತ್ತೆ ದೂರು ಬಂದ ದಿನವೇ ಅಕ್ಕಪಕ್ಕದ ಜಿಲ್ಲೆಗಳ ಅಪರಿಚಿತ ಶವಗಳ ಫೋಟೊ ತರಿಸಿ. ಅವಳ ಫೋನಿನ ವಿವರ ತೆಗೆಸಿ. ಮನೆಯವರನ್ನು ಒಳಗೆ ಕರೆದು ಕೂರಿಸಿ ಕೇಳಿ, ಮನೆ ಬಿಡುವಾಗ ಅವಳ ಕೊರಳಲ್ಲಿ ಏನಿತ್ತು, ಕೈಯಲ್ಲಿ ಏನಿತ್ತು ಅಂತ.