ಮೀನಿನ ತೊಟ್ಟಿಗೆ ನಾನೇ ಕಟ್ಟಿದ ಎಲ್‌ಇಡಿ ದೀಪ

ನಮಸ್ಕಾರ. ನೀವು ನೋಡುತ್ತಿರುವ ಈ ಗಾಜಿನ ತೊಟ್ಟಿ ನಮ್ಮ ಮನೆಯ ಹಾಲ್‌ನಲ್ಲಿದೆ. ಉದ್ದ 2 ಅಡಿ, ಹಿಡಿಯುವುದು ಸುಮಾರು 54 ಲೀಟರ್ ನೀರು. ಒಳಗೆ ಗಪ್ಪಿ ಮೀನುಗಳೂ ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ ಗಿಡಗಳೂ ಇವೆ. ಮೇಲಿನ ದೀಪ ನಾನೇ ಕಟ್ಟಿದ್ದು, ಅದೂ ಎರಡನೆಯ ಬಾರಿಗೆ. ಮೊದಲ ಸಲ 12 ವೋಲ್ಟ್‌ನ ಎಲ್‌ಇಡಿ ಪಟ್ಟಿಯೊಂದನ್ನು ಪ್ಲಾಸ್ಟಿಕ್ ಮುಚ್ಚಳದ ಒಳಮೈಗೆ ಅಂಟಿಸಿದ್ದೆ. ನಾಲ್ಕೇ ತಿಂಗಳಲ್ಲಿ ನೀರಿನ ಆವಿ ಬೆಸುಗೆಗಳಿಗೆ ತಗುಲಿ, ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ಅರ್ಧ ಪಟ್ಟಿ ಆರಿಹೋಯಿತು. ತೊಟ್ಟಿಯ ದೀಪ ಕಟ್ಟುವವರು ಬೆಳಕಿಗಿಂತ ಮೊದಲು ಶಾಖ ಮತ್ತು ತೇವದ ಬಗ್ಗೆ ಯೋಚಿಸಬೇಕೆಂಬುದು ನನಗೆ ಮನದಟ್ಟಾದದ್ದು ಆಗಲೇ.

ಈ ಬಾರಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸ್ಟಾರ್ ಪಿಸಿಬಿ (ನಕ್ಷತ್ರಾಕಾರದ ಪುಟ್ಟ ಲೋಹದ ಬಿಲ್ಲೆ) ಮೇಲೆ ಕೂರಿಸಿದ 1 ವ್ಯಾಟ್‌ನ ಎಲ್‌ಇಡಿಗಳನ್ನು ತಂದೆ: 6500 ಕೆಲ್ವಿನ್‌ನ ಬಿಳಿಯವು 10, 660 ನ್ಯಾನೊಮೀಟರ್‌ನ ಕೆಂಪಿನವು 2. ಬಿಳಿ ಎಲ್‌ಇಡಿ ಎಂದು ನಾವು ಕರೆಯುವುದು ನಿಜವಾಗಿ ಹಳದಿ ಫಾಸ್ಫರ್ ಲೇಪಿಸಿದ ನೀಲಿ ಎಲ್‌ಇಡಿಯೇ ಆದ್ದರಿಂದ ಅದರಲ್ಲಿ ನೀಲಿಗೆ ಕೊರತೆಯಿಲ್ಲ, ಆದರೆ ಗಿಡದ ಕ್ಲೋರೊಫಿಲ್ ಚೆನ್ನಾಗಿ ಹೀರಿಕೊಳ್ಳುವ ಗಾಢ ಕೆಂಪು ತೀರ ಕಡಿಮೆ. ಆ ಎರಡು ಕೆಂಪು ದೀಪಗಳು ಇರುವುದು ಅದಕ್ಕಾಗಿ. ಗಪ್ಪಿಯ ಬಾಲದ ಬಣ್ಣವೂ ಅವುಗಳಿಂದ ಎದ್ದು ಕಾಣುತ್ತದೆ.

ಎಲ್‌ಇಡಿ ತಿನ್ನುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವಾಗಿ ಹೋಗುವುದರಿಂದ ಹನ್ನೆರಡನ್ನೂ ದಪ್ಪ ಅಲ್ಯೂಮಿನಿಯಂ ಚಾನೆಲ್‌ನ ಮೇಲೆ, ಅಡಿಗೆ ತೆಳುವಾಗಿ ಥರ್ಮಲ್ ಪೇಸ್ಟ್ ಸವರಿ, ಸ್ಕ್ರೂ ಹಾಕಿ ಬಿಗಿದೆ. ಪೇಸ್ಟ್ ಹೆಚ್ಚು ಮೆತ್ತಿದರೆ ಅದೇ ಶಾಖಕ್ಕೆ ಅಡ್ಡಿ. ಬೆಸುಗೆ ಹಾಕಿದ ಮೇಲೆ ಮಲ್ಟಿಮೀಟರ್‌ನ ಒಂದು ಮುಳ್ಳನ್ನು ಚಾನೆಲ್‌ಗೂ ಇನ್ನೊಂದನ್ನು ಪ್ರತಿಯೊಂದು ಬೆಸುಗೆಗೂ ತಾಗಿಸಿ ನೋಡಿದೆ. ಏಳನೆಯ ಎಲ್‌ಇಡಿಯ ಬಳಿ ಮೀಟರ್ ಬೀಪ್ ಎಂದಿತು, ಅಂದರೆ ಅಲ್ಲಿ ವಿದ್ಯುತ್ತಿಗೆ ಚಾನೆಲ್‌ನತ್ತ ದಾರಿ ಸಿಕ್ಕಿತ್ತು. ಕೂದಲೆಳೆಯಷ್ಟು ತಂತಿಯೊಂದು ಹೊರಚಾಚಿ ಸ್ಕ್ರೂವಿನ ತಲೆಗೆ ತಾಗುತ್ತಿತ್ತು. ಅದನ್ನು ಕತ್ತರಿಸಿದ ಮೇಲೆ ಮೀಟರ್ ಸುಮ್ಮನಾಯಿತು. ದಯವಿಟ್ಟು ಈ ಪರೀಕ್ಷೆಯನ್ನು ಯಾರೂ ಬಿಡಬೇಡಿ.

ಎಲ್ಲವನ್ನೂ ಒಂದೇ ಸಾಲಿನಲ್ಲಿ ಸರಣಿಯಾಗಿ ಜೋಡಿಸಿದ್ದೇನೆ. ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್, ಕೆಂಪಿಗೆ 2.2, ಒಟ್ಟು 36 ವೋಲ್ಟ್‌ನ ಆಸುಪಾಸು. ಇದಕ್ಕೆ 8ರಿಂದ 12 ಎಲ್‌ಇಡಿ ನಡೆಸಬಲ್ಲ, 300 ಮಿಲಿಆಂಪ್‌ನ ಸ್ಥಿರ ವಿದ್ಯುತ್ ಡ್ರೈವರ್ (ಒಂದೇ ಪ್ರಮಾಣದ ವಿದ್ಯುತ್ ಹರಿಸುವ ಸಾಧನ) ಸಾಕು. ಅದು ಐಸೊಲೇಟೆಡ್ ಬಗೆಯದೇ ಎಂದು ಕೇಳಿ, ಖಚಿತಪಡಿಸಿಕೊಂಡೇ ಕೊಳ್ಳಬೇಕು, ಏಕೆಂದರೆ ಅಗ್ಗದ ಕೆಲವು ಡ್ರೈವರ್‌ಗಳಲ್ಲಿ ಔಟ್‌ಪುಟ್ ತಂತಿಗೂ ಮನೆಯ 230 ವೋಲ್ಟ್ ಲೈನಿಗೂ ನೇರ ಸಂಪರ್ಕವಿರುತ್ತದೆ. ಅಂಥದ್ದನ್ನು ನೀರಿನ ಮೇಲೆ ತೂಗಿಬಿಡುವುದು ಪ್ರಾಣಕ್ಕೇ ಅಪಾಯ. ನನ್ನ ಡ್ರೈವರ್ ತೊಟ್ಟಿಯ ಪಕ್ಕದ ಗೋಡೆಯ ಮೇಲೆ, ಡಬ್ಬಿಯೊಳಗಿದೆ; ತಂತಿಯಲ್ಲಿ ಹರಿದುಬಂದ ಹನಿ ಪ್ಲಗ್ ತಲುಪದೆ ಕೆಳಗೇ ತೊಟ್ಟಿಕ್ಕಲೆಂದು, ತಂತಿಯನ್ನು ಪ್ಲಗ್‌ಗಿಂತ ತಗ್ಗಿನಲ್ಲಿ ಒಮ್ಮೆ ಜೋತುಬಿಟ್ಟು ಮೇಲಕ್ಕೆ ಒಯ್ದಿದ್ದೇನೆ. ಮನೆಯ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನನ್ನು ತಾನಾಗಿ ಕಡಿಯುವ ಸ್ವಿಚ್) ಇದೆ. ಆದರೂ ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ಕೀಳುತ್ತೇನೆ.

ತೇವದ ವಿಷಯದಲ್ಲಿ ಈ ಬಾರಿ ಮುಚ್ಚಳವನ್ನೇ ಕೈಬಿಟ್ಟು, ತೊಟ್ಟಿಯ ಬಾಯಿಗೆ ಗಾಜಿನ ಹಲಗೆ ಹೊದಿಸಿ, ಅದರಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಅಕ್ರಿಲಿಕ್ ಕಾಲುಗಳ ಮೇಲೆ ದೀಪವನ್ನು ನಿಲ್ಲಿಸಿದೆ. ಆವಿ ಗಾಜಿನಲ್ಲೇ ಹನಿಗಟ್ಟಿ ಮತ್ತೆ ನೀರಿಗೆ ಬೀಳುತ್ತದೆ, ಚಾನೆಲ್‌ನ ಬೆನ್ನಿಗೆ ಗಾಳಿಯೂ ಆಡುತ್ತದೆ. ಒಂದು ಗಂಟೆ ಉರಿದ ಮೇಲೆ ಬೆನ್ನ ಮೇಲೆ ಬೆರಳಿಟ್ಟೆ: ಬಿಸಿ ಇತ್ತು, ಆದರೆ ಕೈ ತೆಗೆಯುವಷ್ಟು ಸುಡುತ್ತಿರಲಿಲ್ಲ.

ಹೊಸ ಬೆಳಕು ಬಂದೊಡನೆ ಗಿಡಕ್ಕಿಂತ ಮೊದಲು ಪಾಚಿ ಹಿಗ್ಗುತ್ತದೆ. ಹಾಗಾಗಿ ಟೈಮರನ್ನು ಮೊದಲ ಮೂರು ವಾರ ದಿನಕ್ಕೆ 6 ಗಂಟೆಗೆ ಇಟ್ಟಿದ್ದೆ. ಹೈಗ್ರೊಫಿಲಾದ ಹೊಸ ಚಿಗುರು ನೀರಿನ ಮೇಲ್ಮೈ ಮುಟ್ಟಿದ ಮೇಲೆ, ಈ ಸೋಮವಾರದಿಂದ 8 ಗಂಟೆಗೆ ಏರಿಸಿದ್ದೇನೆ.